ಇಸಿಲ ಎಂಬ ಊರಿನ ವಿಳಾಸ

ಮೊಳಕಾಲ್ಮೂರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟದ ಮೇಲೆ, ದೇವಸ್ಥಾನದ ಮೆಟ್ಟಿಲಿಗೆ ಹತ್ತಿರದಲ್ಲೇ ಒಂದು ಬಂಡೆಯಿದೆ. ಜಾತ್ರೆಗೆ ಬಂದ ಬಳೆಗಾರರು ಅಲ್ಲಿ ಮಲಾರ ಬಿಚ್ಚಿ ಕೂರುತ್ತಿದ್ದರು. ಅದಕ್ಕೇ ಅದು ಬಳೆಗಾರರ ಗುಂಡು. ಬೆಟ್ಟ ಇಳಿದು ಸಿದ್ದಾಪುರದ ಕಡೆ ಬಂದರೆ ಎನಮನ ತಿಮ್ಮಯ್ಯನ ಗುಂಡ್ಲು. ಹೆಸರೇ ಹೇಳುವಂತೆ ಯಾವನೋ ಎಮ್ಮೆ ಕಾಯುವ ತಿಮ್ಮಯ್ಯನ ಬಂಡೆಗಳು; ಕನ್ನಡಕ್ಕೆ ತೆಲುಗು ಬೆರೆತ ಗಡಿಸೀಮೆಯ ಹೆಸರು. ಅಲ್ಲಿಂದ ಬ್ರಹ್ಮಗಿರಿಯ ಬುಡಕ್ಕೆ ಬಂದರೆ ಮೂರನೆಯದು, ಅಕ್ಷರಗುಂಡು. ಇದರ ಮೇಲೆ ಏನೋ ಬರೆದಿದೆ ಎಂಬುದು ಊರವರಿಗೆ ಗೊತ್ತಿತ್ತು. ಏನು ಬರೆದಿದೆ ಎಂಬುದು ಗೊತ್ತಿರಲಿಲ್ಲ. ಬಂಡೆ ತೊಳೆದ ನೀರಿಗೆ ಔಷಧಿಯ ಗುಣವಿದೆ ಎಂದು ನಂಬಿದ್ದರು.

ಮೂರು ಬಂಡೆಗಳ ಮೇಲೂ ಇದ್ದದ್ದು ಹೆಚ್ಚುಕಮ್ಮಿ ಒಂದೇ ಬರಹ. ಬರೆಸಿದವನು ಅಶೋಕ. ಬರಹ ಬಂದದ್ದು ಇಸಿಲ ಎಂಬ ಊರಿನ ಅಧಿಕಾರಿಗಳಿಗೆ. ಸುತ್ತಲಿನ ಹಟ್ಟಿಗಳಲ್ಲಿ ಜಟಾಯುವಿನ ಕತೆ ಇತ್ತು, ಗೇಣುದ್ದದ ಮನುಷ್ಯರ ಕತೆ ಇತ್ತು. ಇಸಿಲ ಎಂಬ ಹೆಸರು ಮಾತ್ರ ಯಾವ ಕತೆಯಲ್ಲೂ ಉಳಿದಿರಲಿಲ್ಲ.

1892ರಲ್ಲಿ ಇಲ್ಲಿಗೆ ಬಂದವರು ಬೆಂಜಮಿನ್ ಲೂಯಿ ರೈಸ್. ಹುಟ್ಟಿದ್ದು ಬೆಂಗಳೂರಿನಲ್ಲೇ, 1837ರಲ್ಲಿ. ಅದೇ ವರ್ಷ ಕಲ್ಕತ್ತೆಯಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯ ಗಂಟು ಬಿಡಿಸಿದ್ದ. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ರೈಸ್ ಊರೂರು ಸುತ್ತಿ ಶಾಸನಗಳ ಪಡಿಯಚ್ಚು ತೆಗೆಸುತ್ತಿದ್ದರು. ಸಂಸ್ಥಾನದಲ್ಲಿ ಸಿಗುವ ಬರಹವೆಂದರೆ ಗಂಗರು, ಚಾಲುಕ್ಯರು, ಹೊಯ್ಸಳರದ್ದು ಎಂಬುದು ಆಗಿನ ರೂಢಿಯ ತಿಳಿವಳಿಕೆ. ಅಶೋಕನ ಬಂಡೆ ಶಾಸನಗಳು ಗುಜರಾತಿನ ಗಿರಿನಾರಿನಲ್ಲಿ, ಒಡಿಶಾದ ಧೌಲಿಯಲ್ಲಿ, ಮುಂಬಯಿಯ ಹತ್ತಿರ ಸೋಪಾರದಲ್ಲಿ ಸಿಕ್ಕಿದ್ದವು. ಅವನ ಮಾತು ಚಿತ್ರದುರ್ಗದ ಸೀಮೆಯ ತನಕ ಬಂದೀತೆಂದು ಯಾರೂ ಎಣಿಸಿರಲಿಲ್ಲ. ಸಿದ್ದಾಪುರದ ಸುತ್ತಲ ಈ ಮೂರು ಬಂಡೆಗಳು ಒಂದೇ ಏಟಿಗೆ ಮೈಸೂರಿನ ಲಿಖಿತ ಚರಿತ್ರೆಯನ್ನು ಕ್ರಿಸ್ತಪೂರ್ವ ಮೂರನೆಯ ಶತಮಾನಕ್ಕೆ ಒಯ್ದವು.

ಬರಹದ ಮೊದಲ ಸಾಲು ಸರ್ಕಾರಿ ಟಪಾಲಿನ ಹಾಗಿದೆ. ಸುವರ್ಣಗಿರಿಯಿಂದ, ಆರ್ಯಪುತ್ರ ಮತ್ತು ಮಹಾಮಾತ್ರರ ಆದೇಶದಂತೆ, ಇಸಿಲದ ಮಹಾಮಾತ್ರರಿಗೆ. ಮೊದಲು ಕುಶಲಪ್ರಶ್ನೆ, ಆಮೇಲೆ ದೇವಾನಾಂಪ್ರಿಯನ ಅಪ್ಪಣೆ. ತಾನು ಉಪಾಸಕನಾಗಿ ಎರಡೂವರೆ ವರ್ಷದ ಮೇಲಾಯಿತು, ಮೊದಮೊದಲು ಅಷ್ಟೇನೂ ಶ್ರಮಿಸಲಿಲ್ಲ, ಬೌದ್ಧ ಸಂಘದ ಹತ್ತಿರ ಹೋದ ಮೇಲೆ ಬಲವಾಗಿ ಶ್ರಮಿಸುತ್ತಿದ್ದೇನೆ ಎಂದು ದೊರೆಯೇ ಹೇಳಿಕೊಳ್ಳುತ್ತಾನೆ. ತಂದೆತಾಯಿಯ ಮಾತು ಕೇಳಬೇಕು, ಪ್ರಾಣಿಗಳ ಮೇಲೆ ದಯೆ ಇರಬೇಕು, ನಿಜ ಹೇಳಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು ಎಂಬ ಬುದ್ಧಿಮಾತುಗಳೂ ಇವೆ. ನನಗೆ ಇವೆಲ್ಲಕ್ಕಿಂತ ಹಿಡಿಸುವುದು ಕೊನೆಯ ಸಾಲು. ಬರೆದವನು ಚಪಡ. ಅವನ ಹೆಸರಿನವರೆಗೆ ಬ್ರಾಹ್ಮಿ ಅಕ್ಷರ, ಎಡದಿಂದ ಬಲಕ್ಕೆ. ‘ಲಿಪಿಕಾರ’ ಎಂದು ತನ್ನ ಕಸುಬು ಹೇಳಿಕೊಳ್ಳುವ ಪದ ಬಂದಾಗ ಖರೋಷ್ಠಿ, ಬಲದಿಂದ ಎಡಕ್ಕೆ. ಖರೋಷ್ಠಿ ಪೇಶಾವರ, ತಕ್ಷಶಿಲೆಗಳ ಕಡೆಯ ಲಿಪಿ. ಸುತ್ತಮುತ್ತ ಅದನ್ನು ಓದಬಲ್ಲವರು ಒಬ್ಬರಾದರೂ ಇದ್ದರೋ ಇಲ್ಲವೋ, ಚಪಡ ತನ್ನ ವಿದ್ಯೆ ತೋರಿಸಿಕೊಳ್ಳದೆ ಬಿಡಲಿಲ್ಲ. ಆ ಪದವನ್ನು ಗುರುತಿಸಿ ಓದಿದವನು ವಿಯೆನ್ನಾದಲ್ಲಿದ್ದ ವಿದ್ವಾಂಸ ಜಾರ್ಜ್ ಬ್ಯೂಲರ್.

ವಿಳಾಸವೇನೋ ಸಿಕ್ಕಿತು, ಊರು ಎಲ್ಲಿ? ಪತ್ರ ಹೊರಟ ಸುವರ್ಣಗಿರಿಯೇ ಇನ್ನೂ ತಕರಾರಿನಲ್ಲಿದೆ. ಕೆಲವರು ಮಸ್ಕಿ ಎಂದರು, ಕೆಲವರು ಕನಕಗಿರಿ, ಇನ್ನು ಕೆಲವರು ಆಂಧ್ರದ ಎರ್ರಗುಡಿಯ ಹತ್ತಿರದ ಜೊನ್ನಗಿರಿ. ಚಿನ್ನದ ನಂಟಿರುವ ಹೆಸರಿಗೆ ನಮ್ಮಲ್ಲಿ ಬರವೇ? ಇಸಿಲದ ಲೆಕ್ಕ ಅಷ್ಟು ತೊಡಕಿನದಲ್ಲ. ಒಂದೇ ಪತ್ರದ ಮೂರು ಪ್ರತಿಗಳು ಚಿನ್ನಹಗರಿ ಹರಿಯುವ ಕಣಿವೆಯಲ್ಲಿ ಕೆಲವೇ ಮೈಲಿಗಳ ಒಳಗೆ ಕೆತ್ತಿಸಲ್ಪಟ್ಟಿದ್ದರೆ, ಓದಬೇಕಾದವರು ಅಲ್ಲೇ ಸುತ್ತಮುತ್ತ ಇರಬೇಕು. ಬ್ರಹ್ಮಗಿರಿಯ ತಪ್ಪಲಿನ ಹೊಲಗಳಲ್ಲಿ ಉತ್ತಾಗಲೆಲ್ಲ ಮಡಕೆಚೂರು ಮೇಲೆದ್ದು ಬರುತ್ತಿತ್ತು. ಬೆರಳು ಅಲ್ಲಿಗೇ ತಿರುಗಿತು.

ಇಲ್ಲಿ ಕತೆಗಳನ್ನೂ ಒಂದಿಷ್ಟು ತೂಗಿ ನೋಡಬೇಕು. ಜಟಿಂಗ ರಾಮೇಶ್ವರದ ಐತಿಹ್ಯ ಗೊತ್ತಿದ್ದದ್ದೇ: ಸೀತೆಯನ್ನು ಹೊತ್ತೊಯ್ಯುತ್ತಿದ್ದ ರಾವಣನನ್ನು ಜಟಾಯು ತಡೆದದ್ದು ಇಲ್ಲಿ, ರೆಕ್ಕೆ ಕಡಿಸಿಕೊಂಡು ಬಿದ್ದದ್ದು ಇಲ್ಲಿ, ರಾಮ ಅವನ ಸಂಸ್ಕಾರ ಮಾಡಿ ಲಿಂಗ ಇಟ್ಟದ್ದೂ ಇಲ್ಲೇ. ಇದೇ ಜಟಾಯು ಲೇಪಾಕ್ಷಿಯಲ್ಲೂ ಬಿದ್ದಿದ್ದಾನೆ, ಕೇರಳದ ಚಡಯಮಂಗಲದಲ್ಲೂ ಬಿದ್ದಿದ್ದಾನೆ. ಹಾರೆ ಗುದ್ದಲಿ ಹಿಡಿದು ತೀರ್ಮಾನಿಸುವ ವ್ಯಾಜ್ಯವಲ್ಲ ಇದು, ಬಿಡಿ. ಆದರೆ ಅಶೋಕನ ಅಧಿಕಾರಿಗಳು ಊರಾಚೆಯ ಅಷ್ಟು ಎತ್ತರದ ಬೆಟ್ಟ ಹತ್ತಿ ಅಕ್ಷರ ಕೆತ್ತಿಸಿದ್ದೇಕೆ? ಜನ ಓಡಾಡದ ಕಡೆ ಯಾರಾದರೂ ಜಾಹೀರಾತು ಹಾಕಿಸುತ್ತಾರೆಯೇ? ಬಳೆಗಾರರು ಕೂತದ್ದೂ ಜನ ಸೇರುವ ಜಾಗವೆಂದೇ. ರಾಜನಿಗೂ ಬಳೆಗಾರನಿಗೂ ಒಂದೇ ಬಂಡೆ ಬೇಕಾಗಿತ್ತು ಎಂದರೆ, ದೇವರ ಹೆಸರು ಏನೇ ಇದ್ದಿರಲಿ, ಆ ಬೆಟ್ಟಕ್ಕೆ ಜನ ಹತ್ತುವ ರೂಢಿ ತುಂಬ ಹಳೆಯದು ಅನ್ನಿಸುತ್ತದೆ. ಶಾಸನ ಅಲ್ಲಿ ಬಹಳ ಸವೆದುಹೋಗಿರುವುದೂ ಸಹಜವೇ.

ಇನ್ನೊಂದು ಕತೆ ಮೋರೇರದ್ದು. ಬ್ರಹ್ಮಗಿರಿಯ ಸುತ್ತ ಕಲ್ಲುಚಪ್ಪಡಿ ನಿಲ್ಲಿಸಿ ಮಾಡಿದ ಗೂಡುಗಳು ನೂರಾರಿವೆ. ಉತ್ತರ ಕರ್ನಾಟಕದುದ್ದಕ್ಕೂ, ಕೊಪ್ಪಳದ ಹಿರೇಬೆಣಕಲ್ಲಿನ ತನಕ, ಇಂಥವಕ್ಕೆ ಮೋರೇರ ಮನೆ, ಮೋರ್ಯರ ಮನೆ ಎನ್ನುತ್ತಾರೆ. ಯಾರು ಸ್ವಾಮಿ ಇವರು ಎಂದು ಕೇಳಿದರೆ ಕೈಯನ್ನು ಮೊಣಕಾಲಿನ ಮಟ್ಟಕ್ಕೆ ಹಿಡಿದು, “ಇಷ್ಟೇ ಎತ್ರ ಇದ್ರಂತೆ” ಎನ್ನುವ ಹಿರಿಯರು ಈಗಲೂ ಸಿಗುತ್ತಾರೆ. ಓದಿದವರು ಒಂದು ಹೆಜ್ಜೆ ಮುಂದೆ ಹೋಗಿ ಮೋರ್ಯರೆಂದರೆ ಮೌರ್ಯರೇ, ಅಶೋಕನ ಕಡೆಯವರೇ ಎಂದು ಗಂಟು ಹಾಕಿದರು. ಪಕ್ಕದಲ್ಲೇ ಅಶೋಕನ ಬಂಡೆ ಇರುವಾಗ ಬಾಯಿಗೆ ಬಂದ ತುತ್ತು ಬಿಡುವವರು ಯಾರು?

ಒಂದು ಗೂಡನ್ನು ಹತ್ತಿರದಿಂದ ನೋಡಿದರೆ ಕುಳ್ಳರ ಕತೆ ಎಲ್ಲಿಂದ ಹುಟ್ಟಿತೆಂದು ತಿಳಿಯುತ್ತದೆ. ನಾಲ್ಕು ಕಡೆಗೆ ನಾಲ್ಕು ಬೆಣಚುಗಲ್ಲ ಚಪ್ಪಡಿ. ಪ್ರತಿ ಚಪ್ಪಡಿಯ ಒಂದು ತುದಿ ಪಕ್ಕದ್ದನ್ನು ದಾಟಿ ಆಚೆ ಚಾಚಿರುತ್ತದೆ. ಮೇಲಿಂದ ನೋಡಿದರೆ ಸ್ವಸ್ತಿಕದ ಆಕಾರ. ಹೊರಗಿನ ಮಣ್ಣು ಎಷ್ಟು ಒತ್ತಿದರೂ ಒಂದಕ್ಕೊಂದು ಆತುಕೊಂಡು ಒಳಕ್ಕೆ ಬೀಳದಂತೆ ತಡೆಯುತ್ತವೆ. ತಳಕ್ಕೊಂದು ಚಪ್ಪಡಿ, ಮೇಲೊಂದು ಮುಚ್ಚಳ. ಮೂಡಣದ ಚಪ್ಪಡಿಯಲ್ಲಿ ಮಾತ್ರ ಒಂದು ದುಂಡನೆಯ ಕಿಂಡಿ. ದೊಡ್ಡವರು ನೆಟ್ಟಗೆ ನಡೆದು ಹೋಗುವಂಥದ್ದಲ್ಲ, ತೆವಳಿಕೊಂಡೇ ನುಗ್ಗಬೇಕು. ಅದನ್ನು ಬಾಗಿಲು ಎಂದುಕೊಂಡರೆ ಒಳಗಿದ್ದವರು ಕುಳ್ಳರಾಗಲೇಬೇಕು! ತರ್ಕ ಸರಿಯಾಗಿಯೇ ಇದೆ, ಮನೆ ಎಂದುಕೊಂಡದ್ದು ಎಡವಟ್ಟು. ಅಗೆದಾಗ ಒಳಗೆ ಸಿಕ್ಕಿದ್ದು ಬಿಡಿಬಿಡಿಯಾಗಿ ತಂದಿಟ್ಟ ಮನುಷ್ಯರ ಎಲುಬುಗಳು, ಕಪ್ಪು-ಕೆಂಪು ಮಡಕೆಗಳು, ಕಬ್ಬಿಣದ ಆಯುಧಗಳು, ಮಣಿಗಳು. ಎಲುಬುಗಳು ನಮ್ಮ ನಿಮ್ಮ ಅಳತೆಯವರದ್ದೇ. ಅವು ಗೋರಿಗಳು.

ಇಲ್ಲಿ ಮೊದಲು ಅಗೆದವರು ಮೈಸೂರು ಪುರಾತತ್ವ ಇಲಾಖೆಯ ಡಾ. ಎಂ. ಎಚ್. ಕೃಷ್ಣ. ಚಿತ್ರದುರ್ಗದ ಚಂದ್ರವಳ್ಳಿಯನ್ನು 1929ರಲ್ಲಿ ಅಗೆಸಿ ಪಳಗಿದ್ದ ಅವರು 1940ರ ಸುಮಾರಿಗೆ ಬ್ರಹ್ಮಗಿರಿಗೆ ಕೈ ಹಾಕಿದರು. ಕಲ್ಲಿನ ಆಯುಧದ ಜನ, ಕಬ್ಬಿಣದ ಜನ, ಮೌರ್ಯರ ಕಾಲ, ಅದರ ಮೇಲಿನವರು ಎಂದು ಪದರಗಳನ್ನು ಬಿಡಿಸಿ ಹೇಳಿದವರಲ್ಲಿ ಅವರೇ ಮೊದಲಿಗರು. 1947ರಲ್ಲಿ ಭಾರತ ಸರ್ಕಾರದ ಪುರಾತತ್ವ ಇಲಾಖೆಯ ಮಹಾನಿರ್ದೇಶಕ ಮಾರ್ಟಿಮರ್ ವೀಲರ್ ಬಂದರು. ಅದೇ ವರ್ಷದ ಕೊನೆಗೆ ಕೃಷ್ಣ ತೀರಿಕೊಂಡರು. ಪುಸ್ತಕಗಳಲ್ಲಿ ಬ್ರಹ್ಮಗಿರಿ ಎಂದರೆ ವೀಲರ್ ಎಂದು ನಿಂತುಬಿಟ್ಟಿತು. ಕೃಷ್ಣರಿಗೆ ಸಲ್ಲಬೇಕಾದ ಪಾಲು ಸಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಆದರೂ ವೀಲರ್ ಹೂಡಿದ ಉಪಾಯ ಮೆಚ್ಚುವಂಥದ್ದೇ. ದಕ್ಷಿಣದ ಪದರಗಳಿಗೆ ಇಸವಿ ಹಾಕುವುದು ಹೇಗೆ ಎಂಬುದು ಆಗಿನ ದೊಡ್ಡ ತಲೆನೋವು. 1945ರಲ್ಲಿ ಪುದುಚೇರಿಯ ಹತ್ತಿರ ಅರಿಕಮೇಡಿನಲ್ಲಿ ಅಗೆದಾಗ ಅವರಿಗೆ ಇಟಲಿಯ ಕೆಂಪು ಮಣ್ಣಿನ ಪಾತ್ರೆಗಳು ಸಿಕ್ಕಿದ್ದವು. ಅವು ತಯಾರಾದ ಕಾಲ ರೋಮಿನ ಲೆಕ್ಕದಿಂದ ಗೊತ್ತಿತ್ತು. ಅವುಗಳ ಜೊತೆಗೇ ಇನ್ನೊಂದು ನಮೂನೆಯ ತಟ್ಟೆಗಳಿದ್ದವು: ನುಣ್ಣನೆ ಮೈ, ಒಳತಳದಲ್ಲಿ ಹಲ್ಲಿನ ಗಾಲಿ ಉರುಳಿಸಿ ಒತ್ತಿದ ಸಣ್ಣ ಗೀರುಗಳ ಸುತ್ತುಪಟ್ಟಿ. ಅದೇ ಗೀರುಪಟ್ಟಿಯ ತಟ್ಟೆಚೂರು ಬ್ರಹ್ಮಗಿರಿಯ ಮೇಲಿನ ಪದರದಲ್ಲಿ ಬಂತು. ಚಂದ್ರವಳ್ಳಿಯಲ್ಲೂ ಬಂತು, ಅಲ್ಲಿ ರೋಮಿನ ದೊರೆ ಟಿಬೇರಿಯಸ್ಸನ ಬೆಳ್ಳಿ ನಾಣ್ಯವೂ ಇತ್ತು. ಹಾಗಾಗಿ ಇಟಲಿಯ ಕುಂಬಾರನ ಕಾಲ ತಿಳಿದದ್ದರಿಂದ ಮೊಳಕಾಲ್ಮೂರಿನ ಮಣ್ಣಿನ ಪದರಕ್ಕೊಂದು ಇಸವಿ ದಕ್ಕಿತು. ಅಲ್ಲಿಂದ ಕೆಳಕ್ಕೆ ಎಣಿಸುತ್ತ ಹೋದರು. ಮೇಲೆ ಆಂಧ್ರ ಅಂದರೆ ಸಾತವಾಹನರ ಕಾಲದ ಸಂಸ್ಕೃತಿ, ಅದರ ಕೆಳಗೆ ಗೋರಿ ಕಟ್ಟಿದ ಕಬ್ಬಿಣದ ಜನ, ಎಲ್ಲಕ್ಕೂ ಕೆಳಗೆ ನುಣುಪುಗೊಳಿಸಿದ ಕಲ್ಲುಕೊಡಲಿಯ ಜನ. ಈ ಕೊನೆಯವರು ಸತ್ತ ಹಸುಗೂಸುಗಳನ್ನು ಮಡಕೆಯಲ್ಲಿಟ್ಟು ಹೂಳುತ್ತಿದ್ದರು.

ಗೋರಿಗಳವರು ಸುಮಾರು ಕ್ರಿ.ಪೂ. 200ರ ಹೊತ್ತಿಗೆ ಬಂದರು ಎಂದು ವೀಲರ್ ಅಂದಾಜು ಕಟ್ಟಿದರು. ಅದು ಬಹಳ ದಿನ ನಿಲ್ಲಲಿಲ್ಲ. ಕಾರ್ಬನ್ ಪರೀಕ್ಷೆ ಬಂತು. ಪುರಾತತ್ವಜ್ಞ ಎಂ. ಎಸ್. ನಾಗರಾಜರಾವ್ 1960ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ತೆಕ್ಕಲಕೋಟೆಯನ್ನೂ ತುಂಗಭದ್ರೆಯ ದಂಡೆಯ ಹಳ್ಳೂರನ್ನೂ ಅಗೆದರು. ಹಳ್ಳೂರಿನ ಕಬ್ಬಿಣ ಕ್ರಿ.ಪೂ. 1000ದ ಆಸುಪಾಸಿನದು ಎಂದಾಯಿತು. ಕಲ್ಲುಕೊಡಲಿಯ ಜನ ಅದಕ್ಕೂ ಸಾವಿರ ವರ್ಷಕ್ಕಿಂತ ಹಿಂದೆ ಸರಿದರು. ಅಶೋಕ ಹುಟ್ಟುವುದಕ್ಕೆ ನೂರಾರು ವರ್ಷ ಮೊದಲೇ ಇಂಥ ಗೋರಿ ಕಟ್ಟುವ ರೂಢಿ ಇತ್ತೆಂದ ಮೇಲೆ ಮೋರ್ಯರ ಮನೆ ಮೌರ್ಯರದಾಗುವ ಮಾತೇ ಇಲ್ಲ. ಹಟ್ಟಿಯ ಕತೆಯ ಜೊತೆಗೆ ಪಂಡಿತರ ಕತೆಯೂ ಬಿದ್ದುಹೋಯಿತು.

ಇಂಥ ಹುಡುಕಾಟ ಎಲ್ಲ ಕಡೆಯೂ ಊರನ್ನೇ ಮುಟ್ಟುತ್ತದೆ ಎಂದೇನಿಲ್ಲ. ನಯಾಗರಕ್ಕೆ ಅಡ್ಡಲಾಗಿ ಹಗ್ಗದ ಮೇಲೆ ನಡೆದು ಹೆಸರಾಗಿದ್ದ ಫಾರಿನಿ ಎಂಬ ಆಟಗಾರ 1885ರಲ್ಲಿ ದಕ್ಷಿಣ ಆಫ್ರಿಕದ ಕಲಹರಿ ಮರುಭೂಮಿಗೆ ಹೋಗಿ ಬಂದು, ಮರಳಲ್ಲಿ ಹೂತ ಹಾಳೂರೊಂದನ್ನು ಕಂಡೆ ಎಂದು ಪುಸ್ತಕ ಬರೆದ. ಮುಂದಿನ ಎಷ್ಟೋ ದಶಕ ಜನ ಲಾರಿ, ವಿಮಾನಗಳಲ್ಲಿ ಹುಡುಕಿದರು. 1960ರ ದಶಕದಲ್ಲಿ ಎ. ಜೆ. ಕ್ಲೆಮೆಂಟ್ ಎಂಬಾತ ಫಾರಿನಿಯ ದಾರಿಯನ್ನೇ ಪಟ್ಟಾಗಿ ತಾಳೆ ನೋಡಿ, ಅವನು ಕಂಡ ಗೋಡೆಗಳು ಸಹಜವಾಗಿ ಸೀಳಿ ನಿಂತ ಕರಿಕಲ್ಲಿನ ಬಂಡೆಗಳು ಎಂಬ ತೀರ್ಮಾನಕ್ಕೆ ಬಂದ. ಅಲ್ಲಿ ಊರಿನ ಕತೆಯ ಬೆನ್ನು ಹತ್ತಿದವರಿಗೆ ಬಂಡೆ ಸಿಕ್ಕಿತು. ನಮ್ಮಲ್ಲಿ ಬಂಡೆಯ ಮೇಲಿದ್ದ ಊರಿಗೆ ಕತೆಯೇ ಇರಲಿಲ್ಲ.

ಈಗ ಹೊಸ ಐತಿಹ್ಯ ಬೆಳೆಯುತ್ತಿದೆ. ಸಿದ್ದಾಪುರ ಅಶೋಕ ಸಿದ್ದಾಪುರವಾಗಿದೆ. ಚಳ್ಳಕೆರೆಯಿಂದ ಬಳ್ಳಾರಿ ರಸ್ತೆ ಹಿಡಿದು ಶಾಲೆಯ ಮಕ್ಕಳನ್ನು ಇಲ್ಲಿಗೆ ಪ್ರವಾಸ ಕರೆತರುವವರು ಅಶೋಕ ಇಲ್ಲಿಗೆ ಬಂದಿದ್ದ ಎಂದು ಹೇಳಿಬಿಡುವುದುಂಟು. ಶಾಸನ ಹಾಗೆ ಹೇಳುವುದಿಲ್ಲ. ಬಂದದ್ದು ಅವನ ಆಜ್ಞೆ, ಅದೂ ನೇರವಾಗಿ ಅಲ್ಲ, ಸುವರ್ಣಗಿರಿಯ ಮೂಲಕ. ಈ ಮೂರು ಬಂಡೆಗಳಲ್ಲಿ ಅಶೋಕ ಎಂಬ ಹೆಸರು ಕೂಡ ಇಲ್ಲ, ದೇವಾನಾಂಪ್ರಿಯ ಎಂಬ ಬಿರುದಷ್ಟೇ. ಬಿರುದೂ ಹೆಸರೂ ಒಟ್ಟಿಗೆ ಸಿಕ್ಕಿದ್ದು 1915ರಲ್ಲಿ, ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಮಸ್ಕಿಯ ಬಂಡೆಯನ್ನು ಕಂಡಾಗ. ಆಮೇಲೆ 1970ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳಗಳ ಶಾಸನಗಳಲ್ಲೂ ಆ ಹೆಸರು ಬಂತು.

ಇನ್ನು ಇಸಿಲ. ಬ್ರಹ್ಮಗಿರಿಯಲ್ಲಿ ಜನ ಸಾವಿರಾರು ವರ್ಷ ಬಿಡದೆ ಬಾಳಿದ್ದು ನಿಜ, ಅಶೋಕನ ಹೊತ್ತಿಗೂ ಊರಿದ್ದದ್ದು ನಿಜ. ಆದರೆ ಮಹಾಮಾತ್ರರಿದ್ದ ಪಟ್ಟಣ ಎಂದ ಕೂಡಲೇ ನಾವು ಕಣ್ಣ ಮುಂದೆ ತಂದುಕೊಳ್ಳುವ ಕೋಟೆ, ಕಚೇರಿ, ಪಾಟಲಿಪುತ್ರದಂಥ ಕಂಬ ಯಾವುದೂ ವೀಲರರ ಗುಂಡಿಗಳಲ್ಲಿ ಬರಲಿಲ್ಲ. ಮೌರ್ಯರದೇ ಎಂದು ಬೇರ್ಪಡಿಸಿ ತೋರಿಸುವಂಥ ದಪ್ಪನೆಯ ಪದರವೂ ಇಲ್ಲ. ಬಹುಶಃ ಅಧಿಕಾರಿಗಳು ಗೋರಿ ಕಟ್ಟುವವರ ಊರಲ್ಲೇ ಅವರ ಮಡಕೆಯಲ್ಲೇ ಉಂಡುಕೊಂಡಿದ್ದರು. ಅಗೆದದ್ದು ಹರವಾದ ತಪ್ಪಲಿನಲ್ಲಿ ಒಂದು ಚಿಕ್ಕ ಪಾಲು, ಉಳಿದದ್ದರ ಮೇಲೆ ಇನ್ನೂ ಬೇಸಾಯ ನಡೆದಿದೆ. ಇಸಿಲ ಎಂದು ಬರೆದ ಮುದ್ರೆಯೋ ಮಡಕೆಚೂರೋ ಅಲ್ಲಿಂದ ಎದ್ದು ಬರುವವರೆಗೆ, ಬ್ರಹ್ಮಗಿರಿಯೇ ಇಸಿಲ ಎನ್ನುವುದು ಬಲವಾದ ಊಹೆ, ರುಜುವಾತು ಆಗಿಲ್ಲ.