ಒಳಾಂಗಣದ ವಾಲಿಬಾಲ್ ಆಟವೂ ಛಾಯಾಚಿತ್ರವೂ

ವಾಲಿಬಾಲ್ ಆಟವು ೧೮೯೫ನೆಯ ಇಸವಿಯಲ್ಲಿ ಅಮೆರಿಕೆಯ ಹೋಲಿಯೋಕ್ ಪಟ್ಟಣದ ವೈ. ಎಂ. ಸಿ. ಎ. ಸಂಘದಲ್ಲಿ ಹುಟ್ಟಿತು. ಇದನ್ನು ಕಲ್ಪಿಸಿದವರು ಆ ಸಂಘದ ವ್ಯಾಯಾಮ ನಿರ್ದೇಶಕರಾಗಿದ್ದ ವಿಲಿಯಂ ಮೋರ್ಗನ್ ಎಂಬವರು. ವ್ಯಾಯಾಮಶಾಲೆಯ ಚಾವಣಿಯ ಕೆಳಗೆ ಹುಟ್ಟಿದ ಈ ಆಟವನ್ನು ಅದೇ ಚಾವಣಿಯ ಮಂದವಾದ ಬೆಳಕಿನಲ್ಲಿ ಚಿತ್ರಿಸುವುದು ಸುಲಭವಲ್ಲ. ಮಗಳ ಆಟವನ್ನು ನೋಡಬಂದ ತಾಯಿತಂದೆಗಳು ತೆಗೆದ ಚಿತ್ರವು ಕಪ್ಪಾಗಿಯೋ ಮಸುಕಾಗಿಯೋ ಬಂದರೆ, ಒಡನೆ ಫ್ಲಾಶ್ ದೀಪಕ್ಕೆ ಕೈಹಾಕುತ್ತಾರೆ. ಅದೇಕೆ ಸಲ್ಲದು, ಅದಿಲ್ಲದೆ ಹೇಗೆ ಸಾಧ್ಯ ಎಂಬುದನ್ನು ಇಲ್ಲಿ ವಿವರಿಸುವೆವು.

ಚೆಂಡನ್ನು ಎದುರಿಸುವ ಹುಡುಗಿಯ ದೃಷ್ಟಿಯು ಚೆಂಡಿನಲ್ಲಿಯೇ ನೆಟ್ಟಿರುತ್ತದೆ. ಆ ಕ್ಷಣದಲ್ಲಿ ಕಣ್ಣಿಗೆ ಮಿಂಚು ಹೊಡೆದರೆ ಚೆಂಡು ಕಾಣದೆ ಮುಖಕ್ಕೆ ಬಡಿಯಬಹುದು. ಹಾರಿದವಳು ಗೆಳತಿಯ ಪಾದದ ಮೇಲೆ ಇಳಿದು ಕಾಲು ಉಳುಕಿಸಿಕೊಳ್ಳಬಹುದು. ಒಂದು ಚಿತ್ರಕ್ಕೋಸ್ಕರ ಮಗುವಿಗೆ ಅಪಾಯವೊಡ್ಡುವುದು ಯಾರಿಗೂ ತರವಲ್ಲ. ಅದಲ್ಲದೆ ದೂರವು ಇಮ್ಮಡಿಯಾದರೆ ಫ್ಲಾಶಿನ ಬೆಳಕು ನಾಲ್ಕನೆಯ ಒಂದಂಶಕ್ಕೆ ಇಳಿಯುತ್ತದೆ. ಆಟದ ಅಂಗಣವೋ ೧೮ ಮೀಟರ್ ಉದ್ದ. ಕ್ಯಾಮರಾದ ಪುಟ್ಟ ದೀಪವು ಅದರ ಆಚೆಯ ತುದಿಯನ್ನು ಮುಟ್ಟಲಾರದು.

ಇರುವ ಬೆಳಕನ್ನೇ ಸದುಪಯೋಗಪಡಿಸಲು ಮೂರು ಸಾಧನಗಳುಂಟು. ಮೊದಲನೆಯದು ಷಟರಿನ ವೇಗ. ಸೆಕೆಂಡಿಗೆ ೧೫ ಮೀಟರ್ ಧಾವಿಸುವ ಚೆಂಡು ೧/೬೦ ಸೆಕೆಂಡಿನಲ್ಲಿ ೨೫ ಸೆಂಟಿಮೀಟರ್ ಸಾಗುತ್ತದೆ, ಅಂದರೆ ತನ್ನ ವ್ಯಾಸಕ್ಕಿಂತಲೂ ಹೆಚ್ಚು. ಆದುದರಿಂದ ಚಿತ್ರದಲ್ಲಿ ಬರಿಯ ಗೀರಾಗಿ ತೋರುತ್ತದೆ. ೧/೫೦೦ ಸೆಕೆಂಡಿನಲ್ಲಾದರೋ ಅದು ಸಾಗುವುದು ೩ ಸೆಂಟಿಮೀಟರ್ ಮಾತ್ರ. ಎರಡನೆಯದು ಮಸೂರದ ದ್ವಾರ. ಎಫ್ ೫.೬ಕ್ಕಿಂತ ಎಫ್ ೧.೮ರ ದ್ವಾರವು ಸುಮಾರು ಒಂಬತ್ತು ಹತ್ತು ಪಾಲು ಹೆಚ್ಚು ಬೆಳಕನ್ನು ಒಳಗೆ ಬಿಡುತ್ತದೆ. ಮೂರನೆಯದು ಐ. ಎಸ್. ಓ. ಎಂಬ ಬೆಳಕಿನ ಗ್ರಹಣದ ಮಾನ. ಅದನ್ನು ೧೦೦ರಿಂದ ೩೨೦೦ಕ್ಕೆ ಏರಿಸಿದರೆ ಮೂವತ್ತೆರಡನೆಯ ಒಂದಂಶದಷ್ಟು ಬೆಳಕು ಸಾಕಾಗುತ್ತದೆ. ಸಾಧಾರಣ ದೀಪಗಳುಳ್ಳ ಶಾಲೆಯಲ್ಲಿ ೧/೫೦೦ ಸೆಕೆಂಡು, ಎಫ್ ೧.೮, ಐ. ಎಸ್. ಓ. ೩೨೦೦ ಎಂಬ ಅಳತೆಗಳಿಂದ ಆರಂಭಿಸಿ, ಫಲವನ್ನು ನೋಡಿ ಹೆಚ್ಚುಕಡಿಮೆ ಮಾಡಬಹುದು.

ಇವುಗಳಿಗೆ ಬೆಲೆಯೂ ಉಂಟು. ದ್ವಾರವು ದೊಡ್ಡದಾದರೆ ಸ್ಫುಟವಾಗಿ ಕಾಣುವ ಆಳವು ಕಿರಿದಾಗುವುದು, ಐ. ಎಸ್. ಓ. ಹೆಚ್ಚಿದರೆ ಚಿತ್ರವು ಮರಳು ಮರಳಾಗುವುದು. ಆದರೂ ಮರಳಿನಂಥ ಚಿತ್ರದಲ್ಲಿ ಮುಖದ ಗುರುತು ಹತ್ತುತ್ತದೆ, ಅಲುಗಿದ ಚಿತ್ರದಲ್ಲಿ ಹತ್ತದು.

ಸಮಯಜ್ಞಾನವು ಯಂತ್ರದಷ್ಟೇ ಮುಖ್ಯ. ಮೇಲಕ್ಕೆ ಹಾರಿದವಳು ಏರಿಕೆ ಮುಗಿದು ಇಳಿಕೆ ತೊಡಗುವ ನಡುವೆ ನಿಮಿಷಾರ್ಧವೂ ಅಲ್ಲದ ಒಂದು ಕ್ಷಣ ನಿಂತಂತೆಯೇ ಇರುತ್ತಾಳೆ. ಆಗ ಬೆಳಕು ಕಡಿಮೆಯಿದ್ದರೂ ೧/೨೫೦ ಸೆಕೆಂಡಿನಲ್ಲಿ ಅವಳ ಮುಖವು ಸ್ಪಷ್ಟವಾಗಿ ಬರಬಹುದು. ಚೆಂಡನ್ನು ಎತ್ತಿಕೊಡುವವಳ ಕೈಯನ್ನು ಗಮನಿಸುತ್ತಿದ್ದರೆ ಮುಂದೆ ಯಾರು ಹಾರುವರೆಂದು ಮೊದಲೇ ತಿಳಿಯುವುದು. ಕ್ಯಾಮರಾವು ತಾನಾಗಿ ಬಲೆಯನ್ನೇ ಗುರಿಹಿಡಿಯುವುದುಂಟು. ಆದಕಾರಣ ಗುರಿಯ ಬಿಂದುವನ್ನು ಆಟಗಾರ್ತಿಯ ಮುಖದಲ್ಲಿಡಬೇಕು. ಹಗಲಾದರೆ ಕಿಟಕಿಗಳು ನಮ್ಮ ಬೆನ್ನ ಹಿಂದೆ ಇರುವಂತೆ ನಿಲ್ಲುವುದು ಲೇಸು.

ವಿದ್ಯುದ್ದೀಪಗಳ ಸ್ವಭಾವವನ್ನೂ ಅರಿತಿರಬೇಕು. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ ೫೦ ಆವರ್ತನಗಳುಳ್ಳದ್ದಾದ್ದರಿಂದ ಅನೇಕ ದೀಪಗಳು ೧೦೦ ಸಲ ಮಿನುಗುತ್ತವೆ. ಕಣ್ಣಿಗೆ ತೋರದ ಈ ಮಿನುಗು ವೇಗದ ಷಟರಿಗೆ ಸಿಕ್ಕಿ, ಒಂದು ಚಿತ್ರ ಬೆಳ್ಳಗೆ, ಮತ್ತೊಂದು ಮಂಕಾಗಿ ಬರಬಹುದು. ಒಂದರ ಹಿಂದೊಂದು ಹಲವು ಚಿತ್ರಗಳನ್ನು ತೆಗೆದು ಒಳ್ಳೆಯದನ್ನು ಆರಿಸಿಕೊಳ್ಳುವುದೇ ಇದಕ್ಕೆ ಸುಲಭೋಪಾಯ. ಬಿಳಿಯ ಕಾಗದವೊಂದನ್ನು ಅದೇ ದೀಪದಡಿ ತೋರಿಸಿ ಬಣ್ಣವನ್ನು ಸರಿಪಡಿಸಿಕೊಂಡರೆ ಮುಖಗಳು ಹಸಿರೇರುವುದು ತಪ್ಪುವುದು.

ಕಡೆಯದಾಗಿ ಒಂದು ಬಿನ್ನಹ. ಬಲೆಯ ಮೇಲೆ ಚೆಂಡನ್ನು ಹೊಡೆಯುವವಳ ಚಿತ್ರವನ್ನು ಎಲ್ಲರೂ ಬಯಸುವರು. ನೆಲಕ್ಕೆ ಬಾಗಿ ಚೆಂಡನ್ನು ಉಳಿಸಿದವಳನ್ನೂ ಬೆಂಚಿನಲ್ಲಿ ಕುಳಿತು ಗೆಳತಿಯರನ್ನು ಹುರಿದುಂಬಿಸಿದವಳನ್ನೂ ಮರೆಯದಿರೋಣ. ಅನ್ಯರ ಮಕ್ಕಳ ಚಿತ್ರಗಳನ್ನು ಅವರ ಹಾಗೂ ಅವರ ಹೆತ್ತವರ ಒಪ್ಪಿಗೆಯಿಲ್ಲದೆ ಹರಡದಿರೋಣ. ಹೀಗೆ ತೆಗೆದ ಚಿತ್ರವು ಮುಂದೊಂದು ದಿನ ಆ ಹುಡುಗಿಯ ಕೈಸೇರಿದಾಗ, ಅವಳಿಗೆ ಸಂತೋಷವನ್ನಲ್ಲದೆ ಸಂಕೋಚವನ್ನು ತಾರದು.