ಪುಸ್ತಕ ಕೆಳಗಿಡದೆ ರ‍್ಯಾಕೆಟ್ ಹಿಡಿದವರು

2022ರ ಫೆಬ್ರುವರಿಯಲ್ಲಿ ಬೆಂಗಳೂರಿನ ಕಬ್ಬನ್ ಪಾರ್ಕ್ ಅಂಗಳದಲ್ಲಿ ಚಾಲೆಂಜರ್ ಟೆನಿಸ್ ಪ್ರಶಸ್ತಿ ಗೆದ್ದವರು ಆಸ್ಟ್ರೇಲಿಯಾದ ಅಲೆಕ್ಸಾಂಡರ್ ವುಕಿಚ್. 2025ರಲ್ಲಿ ಅಲ್ಲೇ ಗೆದ್ದವರು ಅಮೆರಿಕದ ಬ್ರ್ಯಾಂಡನ್ ಹೋಲ್ಟ್. ಇಬ್ಬರೂ ಡಿಗ್ರಿ ಓದುತ್ತಲೇ ಆಟ ಹದ ಮಾಡಿಕೊಂಡವರು.

ವುಕಿಚ್ ಓದಿದ, ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯಕ್ಕೂ ಬೆಂಗಳೂರಿಗೂ ಇನ್ನೊಂದು ನಂಟಿದೆ. ಬೆಂಗಳೂರಿನಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ದಂಪತಿಯ ಮಗ ರಾಜೀವ್ ರಾಮ್ 2003ರಲ್ಲಿ ಇದೇ ವಿಶ್ವವಿದ್ಯಾಲಯದ ತಂಡದಲ್ಲಿದ್ದರು. ಕೋಚ್ ಕ್ರೇಗ್ ಟೈಲಿ. ಆ ವರ್ಷ ತಂಡ ಆಡಿದ 32 ಪಂದ್ಯಗಳಲ್ಲಿ 32ನ್ನೂ ಗೆದ್ದಿತು. ರಾಜೀವ್, ಬ್ರಯಾನ್ ವಿಲ್ಸನ್ ಜೊತೆಗೂಡಿ ಕಾಲೇಜು ಡಬಲ್ಸ್ ಕಿರೀಟವನ್ನೂ ಗೆದ್ದರು. 2022ರ ಅಕ್ಟೋಬರ್‌ನಲ್ಲಿ, 38ರ ವಯಸ್ಸಿನಲ್ಲಿ, ಅವರು ಡಬಲ್ಸ್‌ನಲ್ಲಿ ಜಗತ್ತಿನ ನಂಬರ್ 1 ಆದರು. ನಮ್ಮ ಸೋಮದೇವ್ ದೇವವರ್ಮನ್ ವರ್ಜೀನಿಯಾದಲ್ಲಿ ಓದುತ್ತ 2007 ಮತ್ತು 2008ರಲ್ಲಿ ಕಾಲೇಜು ಸಿಂಗಲ್ಸ್ ಗೆದ್ದರು. 2007ರ ಫೈನಲ್‌ನಲ್ಲಿ ಅವರಿಗೆ ಸೋತವರು, ಮುಂದೆ ವೃತ್ತಿ ಟೆನಿಸ್‌ನಲ್ಲಿ ಹೆಸರಾದ ಜಾನ್ ಇಸ್ನರ್!

ಅಮೆರಿಕದ ಕಾಲೇಜು ತಂಡಗಳ ಪಂದ್ಯದ ರೀತಿಯೇ ಬೇರೆ. ಮೊದಲು ಮೂರು ಡಬಲ್ಸ್. ಅದರಲ್ಲಿ ಎರಡು ಗೆದ್ದ ತಂಡಕ್ಕೆ ಒಂದು ಅಂಕ. ಆಮೇಲೆ ಆರು ಸಿಂಗಲ್ಸ್, ಅಕ್ಕಪಕ್ಕದ ಆರು ಅಂಕಣಗಳಲ್ಲಿ, ಸಾಮಾನ್ಯವಾಗಿ ಒಟ್ಟೊಟ್ಟಿಗೆ. ಒಂದೊಂದಕ್ಕೆ ಒಂದೊಂದು ಅಂಕ. ಮೊದಲು ನಾಲ್ಕು ಮುಟ್ಟಿದವರಿಗೆ ಗೆಲುವು. ಡ್ಯೂಸ್ ಆದರೆ ಎಳೆದಾಟವಿಲ್ಲ, ಮುಂದಿನ ಒಂದೇ ಪಾಯಿಂಟ್‌ಗೆ ಗೇಮ್ ಮುಗಿಯುತ್ತದೆ. ಪಕ್ಕದ ಅಂಕಣದಲ್ಲಿ ಗೆಳೆಯರ ಕೂಗು, ಇಲ್ಲಿ ತನ್ನ ಸರ್ವ್, ತಂಡದ ಅಂಕ ಮೂರಕ್ಕೆ ಮೂರು. ಒಬ್ಬಂಟಿ ಆಟವೆನಿಸಿದ ಟೆನಿಸ್‌ನಲ್ಲಿ ಹತ್ತೊಂಬತ್ತರ ಹುಡುಗನಿಗೆ ಇದಕ್ಕಿಂತ ಗಟ್ಟಿ ಪಾಠಶಾಲೆ ಸಿಗಲಾರದು.

ಅಲ್ಲಿಂದ ವೃತ್ತಿಗೆ ಏಣಿಯೂ ಇದೆ. 2023ರಿಂದ ಪುರುಷರ ವೃತ್ತಿ ಟೆನಿಸ್ ಸಂಸ್ಥೆ ಎಟಿಪಿ, ಕಾಲೇಜು ರ‍್ಯಾಂಕಿಂಗ್‌ನ ಮೊದಲ 20 ಆಟಗಾರರಿಗೆ ಚಾಲೆಂಜರ್ ಟೂರ್ನಿಗಳಲ್ಲಿ ಜಾಗ ಕೊಡುತ್ತಿದೆ. ವರ್ಷಗಟ್ಟಲೆ ಸಣ್ಣ ಟೂರ್ನಿಗಳಲ್ಲಿ ಕೈಯಿಂದ ಖರ್ಚು ಮಾಡಿ ಅಲೆಯುವುದು ಅವರಿಗೆ ತಪ್ಪುತ್ತದೆ. ಪ್ರತಿಭೆ ತೋರಿದವರಿಗೆ ವಿದ್ಯಾರ್ಥಿವೇತನದ ಆಸರೆಯೂ ಉಂಟು.

ಸೈಕ್ಲಿಂಗ್‌ಗೆ ಹೆಸರಾದ, ಕ್ರಿಕೆಟ್‌ಗೆ ರಾಜೇಶ್ವರಿ ಗಾಯಕವಾಡರನ್ನು ಕೊಟ್ಟ ವಿಜಯಪುರಕ್ಕೆ ಈ ದಾರಿ ತಿಳಿದಿರಬೇಕು. ಬೆಂಗಳೂರು ಇಲ್ಲಿಂದ 500 ಕಿಲೋಮೀಟರಿಗೂ ದೂರ. ತಿಕೋಟಾದ ದ್ರಾಕ್ಷಿ ತೋಟದ ಮನೆಯಲ್ಲಾಗಲಿ, ಬಬಲೇಶ್ವರದ ಮೇಷ್ಟ್ರ ಮನೆಯಲ್ಲಾಗಲಿ, ಮಗಳು ಹತ್ತನೇತ್ತಕ್ಕೆ ಬಂದಳೆಂದರೆ ಕೇಳಿಬರುವ ಮಾತು ಒಂದೇ: ‘ಸಾಕ್ ಇನ್ನ ಆಟ, ಓದಕೋತ ಕೂಡ್ರು.’ ತಂದೆತಾಯಿಯ ಆತಂಕ ಸುಳ್ಳಲ್ಲ. ಆದರೆ ಕಾಲೇಜು ಟೆನಿಸ್ ಓದನ್ನು ಬಿಡಿಸುವುದಿಲ್ಲ, ಓದನ್ನೇ ಕೇಳುತ್ತದೆ. ಅಮೆರಿಕದ ಮೇಲ್ದರ್ಜೆಯ ಕಾಲೇಜು ತಂಡ ಸೇರಲು ಒಂಬತ್ತರಿಂದ ಹನ್ನೆರಡನೇ ತರಗತಿವರೆಗಿನ ಮುಖ್ಯ ವಿಷಯಗಳ ಅಂಕಗಳು ಲೆಕ್ಕಕ್ಕೆ ಬರುತ್ತವೆ.

ಅಂಗಳದಲ್ಲಿ ಬೆವರು ಸುರಿಸುವ ಮಕ್ಕಳಿರುವ ಮನೆಯವರೇ, ಇಷ್ಟು ಮಾಡಿ: ರ‍್ಯಾಕೆಟನ್ನು ಅಟ್ಟಕ್ಕೆ ಏರಿಸಬೇಡಿ, ಒಂಬತ್ತನೇ ತರಗತಿಯ ಅಂಕಪಟ್ಟಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ.