ಕೆಸರಿನಲ್ಲಿ ಹೂತ ಲಾರಿ: ಜಾಕ್ ಕೊಡುವ ಮುನ್ನ ನೆಲ ನೋಡಿ

ಕೋಲಾರ: ಮುಂಗಾರಿನ ಮೊದಲ ಮಳೆಗಳು ಬೀಳುವ ಹೊತ್ತಿಗೇ ಶ್ರೀನಿವಾಸಪುರದ ತೋಪುಗಳಲ್ಲಿ ಮಾವಿನ ಕೊಯ್ಲು ಬಿರುಸುಗೊಳ್ಳುತ್ತದೆ. ಕೋಲಾರ, ಮುಳಬಾಗಿಲು ತಾಲ್ಲೂಕುಗಳ ಹೊಲಗಳಿಂದ ಟೊಮೆಟೊ ತುಂಬಿದ ವಾಹನಗಳು ಕೋಲಾರದ ಎಪಿಎಂಸಿ ಮಾರುಕಟ್ಟೆಯತ್ತ ಸಾಲುಗಟ್ಟುವುದೂ ಹೆಚ್ಚುಕಡಿಮೆ ಅದೇ ತಿಂಗಳುಗಳಲ್ಲಿ. ಮಳೆ ಬಿಡುವು ಕೊಟ್ಟೊಡನೆ ಮಾಲೂರಿನ ಇಟ್ಟಿಗೆ ಗೂಡುಗಳ ಸುತ್ತ ಟಿಪ್ಪರ್‌ಗಳ ಓಡಾಟ ಶುರುವಾಗುತ್ತದೆ. ಡಾಂಬರು ರಸ್ತೆ ಬಿಟ್ಟು ಒಳಗೆ ಹೋದ ಲಾರಿಯ ಹಿಂಬದಿ ಚಕ್ರ ಕೆಸರಿನಲ್ಲಿ ಹೂತುಹೋಗುವುದು ಈ ನಾಲ್ಕೂ ತಾಲ್ಲೂಕುಗಳಲ್ಲಿ ಸುದ್ದಿಯೇ ಅಲ್ಲ. ಅದನ್ನು ಎತ್ತಲು ಕೊಟ್ಟ ಜಾಕ್ ಜಾರಿ, ಕೆಳಗೆ ನುಸುಳಿದ್ದವರ ಮೇಲೆ ವಾಹನ ಕುಸಿದರೆ ಮಾತ್ರ ಸುದ್ದಿಯಾಗುತ್ತದೆ.

ವಾಹನದ ಜೊತೆಗೆ ಬರುವ ಜಾಕ್ ಗಟ್ಟಿಯಾದ, ಸಮತಟ್ಟಾದ ರಸ್ತೆಯಲ್ಲಿ ಸ್ಟೆಪ್ನಿ ಬದಲಿಸಲೆಂದು ತಯಾರಾದದ್ದು. ಅದರ ಮೇಲೆ ನಮೂದಿಸಿರುವ ಟನ್ ಲೆಕ್ಕ ನೇರವಾಗಿ ಕೆಳಮುಖವಾಗಿ ಬೀಳುವ ಭಾರಕ್ಕೆ ಮಾತ್ರ ಅನ್ವಯಿಸುತ್ತದೆ. ಜಾಕ್ ತುಸು ವಾಲಿದರೂ ಆ ಲೆಕ್ಕ ನಿಲ್ಲುವುದಿಲ್ಲ. 20 ಟನ್ ಜಾಕ್ ಇದೆಯೆಂಬ ಧೈರ್ಯದ ಮೇಲೆ ಕೆಸರಿಗಿಳಿಯುವ ಚಾಲಕ ಮರೆಯುವ ಸಂಗತಿಯೆಂದರೆ, ಟೈರನ್ನು ತಾಳಲಾರದೆ ಕುಸಿದ ನೆಲವೇ ಈಗ ಜಾಕನ್ನೂ ತಾಳಬೇಕು ಎಂಬುದು.

ಈ ಭಾಗದ ಕೆಂಪು ಮಣ್ಣು ಒಣಗಿದಾಗ ಗುದ್ದಲಿಗೂ ಬಗ್ಗದಷ್ಟು ಗಟ್ಟಿ. ನೀರು ಕುಡಿದರೆ ಜಾರುಬಂಡೆ. ಕೆರೆ ಕೆಳಗಿನ ಅಚ್ಚುಕಟ್ಟಿನ ಜಿಗುಟು ಮಣ್ಣು ಇನ್ನೂ ಮೋಸದ್ದು. ಮೇಲ್ಪದರ ಒಣಗಿ ಬಿರುಕು ಬಿಟ್ಟಿದ್ದರೂ ಒಂದಡಿ ಕೆಳಗೆ ಹಸಿಯಾಗಿರುತ್ತದೆ. ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆಗೆ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿತ ನೀರು ಹರಿದುಬರುತ್ತಿದೆ. ಹಾಗೆ ತುಂಬಿದ ಕೆರೆಗಳ ಅಂಚು ಬೇಸಿಗೆಯಲ್ಲೂ ಪೂರ್ತಿ ಒಣಗುವುದಿಲ್ಲ. ಹಿಂದೆ ಗಾಡಿ ದಾರಿಯಾಗಿದ್ದ ಕೆರೆಯಂಗಳವನ್ನು ಈಗಲೂ ಹಾಗೆಯೇ ನಂಬಿ ಲಾರಿ ಇಳಿಸುವುದು ತರವಲ್ಲ.

ಲೆಕ್ಕ ಹಾಕಿದರೆ ವಿಷಯ ತಿಳಿಯಾಗುತ್ತದೆ. ಕೇಂದ್ರ ಸರ್ಕಾರ 2018ರಲ್ಲಿ ಪರಿಷ್ಕರಿಸಿದ ಮಿತಿಯ ಪ್ರಕಾರ ನಾಲ್ಕು ಟೈರುಗಳ ಹಿಂಬದಿ ಆಕ್ಸಲ್ ಹೊರಬಹುದಾದ ಗರಿಷ್ಠ ಭಾರ 11.5 ಟನ್. ಅಂದರೆ ಒಂದು ಬದಿಗೆ ಸುಮಾರು 5,750 ಕಿಲೊ. ಜಾಕ್‌ನ ತಳ 15 ಸೆಂ.ಮೀ. ಚೌಕವಿದೆ ಎಂದಿಟ್ಟುಕೊಂಡರೆ, ಅದರಡಿಯ ಪ್ರತಿ ಚದರ ಸೆಂಟಿಮೀಟರ್ ನೆಲದ ಮೇಲೆ 25 ಕಿಲೊಗೂ ಹೆಚ್ಚಿನ ಒತ್ತಡ ಬೀಳುತ್ತದೆ. ಲಾರಿ ಟೈರಿನ ಗಾಳಿಯ ಒತ್ತಡ ಸುಮಾರು 8 ಕಿಲೊ. ಟೈರು ಹಾಕಿದ್ದಕ್ಕಿಂತ ಮೂರು ಪಟ್ಟು ಒತ್ತಡವನ್ನು ಜಾಕ್ ಅದೇ ಮಣ್ಣಿನ ಮೇಲೆ ಹಾಕುತ್ತದೆ! ಲಾರಿ ಮೇಲೇಳುವ ಬದಲು ಜಾಕ್ ಕೆಳಗಿಳಿದರೆ ಅಚ್ಚರಿಯೇನಿಲ್ಲ.

ಜಾಕ್ ಅಡಿಗೆ 60 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲದ ಹಲಗೆ ಇಟ್ಟರೆ ಒತ್ತಡ ಚದರ ಸೆಂಟಿಮೀಟರ್‌ಗೆ ಎರಡು ಕಿಲೊಗೆ ಇಳಿಯುತ್ತದೆ. ಹಲಗೆ ತೆಳುವಾಗಿದ್ದರೆ ಮಧ್ಯದಲ್ಲಿ ಬಾಗಿ, ನಡುಭಾಗ ಮಾತ್ರ ಭಾರ ಹೊತ್ತು, ಪ್ರಯೋಜನ ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ಮೂರಂಗುಲ ದಪ್ಪದ ಮರ, ಇಲ್ಲವೇ ಒಂದರ ಮೇಲೊಂದು ಅಡ್ಡಡ್ಡಲಾಗಿ ಜೋಡಿಸಿದ ಎರಡು ಹಲಗೆಗಳು ಬೇಕು. ಇಷ್ಟಾದರೂ ನೀರು ತುಂಬಿದ ಜೇಡಿಗೆ ಎರಡು ಕಿಲೊ ಒತ್ತಡ ಹೆಚ್ಚೇ. ಅದೇ ಲಾರಿಯ ಸರಕು ಇಳಿಸಿದರೆ ಹಿಂಬದಿಯ ಒಂದು ಬದಿಯ ಭಾರ ಸುಮಾರು ಒಂದೂವರೆ ಟನ್‌ಗೆ ಬರುತ್ತದೆ, ಹಲಗೆಯಡಿಯ ಒತ್ತಡ ಅರ್ಧ ಕಿಲೊ ಆಸುಪಾಸಿಗೆ. ಕೆಸರಿನಲ್ಲಿ ಜಾಕ್ ನಿಲ್ಲುವುದೋ ಬೀಳುವುದೋ ಎಂಬುದನ್ನು ಜಾಕ್‌ನ ಟನ್‌ಗಿಂತ ಹೆಚ್ಚಾಗಿ ಈ ವ್ಯತ್ಯಾಸವೇ ತೀರ್ಮಾನಿಸುತ್ತದೆ.

ಆದರೆ ಸರಕು ಇಳಿಸಲು ಯಾರಿಗೂ ಮನಸ್ಸು ಬಾರದು. 2023ರ ಜುಲೈನಲ್ಲಿ ಕೋಲಾರ ಮಾರುಕಟ್ಟೆಯಲ್ಲಿ 15 ಕಿಲೊ ಟೊಮೆಟೊ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತ್ತು. ಅಂಥ ದಿನಗಳಲ್ಲಿ ನೂರು ಬಾಕ್ಸ್ ಹೇರಿದ ಪಿಕಪ್ ಹೂತಿತೆಂದರೆ ಎರಡು ಲಕ್ಷ ರೂಪಾಯಿಯ ಮಾಲು ಕೆಸರಿನಲ್ಲಿ ನಿಂತಂತೆ. ಹರಾಜಿನ ಹೊತ್ತು ಮೀರುತ್ತದೆಂಬ ಆತಂಕ ರೈತನಿಗೆ, ಬಾಡಿಗೆ ತಪ್ಪುತ್ತದೆಂಬ ಚಿಂತೆ ಚಾಲಕನಿಗೆ. ಆದರೂ ನೂರು ಬಾಕ್ಸ್ ಎಂದರೆ ಒಟ್ಟು ಒಂದೂವರೆ ಟನ್. ಕೊಯ್ಲಿಗೆ ಬಂದ ನಾಲ್ಕು ಆಳುಗಳು ಕೈಹಾಕಿದರೆ ಬೇಗನೆ ಇಳಿಯುವ ಭಾರ. ತುಂಬಿದ ವಾಹನದೊಂದಿಗೆ ಗುದ್ದಾಡಿ ರಾತ್ರಿ ಕಳೆಯುವುದಕ್ಕಿಂತ ಇದು ಲಾಭದ ಬಾಬ್ತು.

ಗೇರ್ ನಂಬಬೇಡಿ

ಚಾಲಕರಲ್ಲಿ ಬೇರೂರಿರುವ ಇನ್ನೊಂದು ತಪ್ಪು ನಂಬಿಕೆ, ಮೊದಲ ಗೇರಿನಲ್ಲಿ ನಿಲ್ಲಿಸಿದ ವಾಹನ ಅಲುಗದು ಎಂಬುದು. ನಾಲ್ಕೂ ಚಕ್ರ ನೆಲದ ಮೇಲಿರುವವರೆಗೆ ಅದು ನಿಜ. ಹಿಂದಿನ ಒಂದು ಬದಿ ಗಾಳಿಯಲ್ಲಿ ಎದ್ದೊಡನೆ ಡಿಫರೆನ್ಷಿಯಲ್ ಕಾರಣದಿಂದ ಆ ಚಕ್ರ ಸರಾಗವಾಗಿ ತಿರುಗುತ್ತದೆ, ನೆಲದ ಮೇಲಿರುವ ಚಕ್ರವೂ ಉರುಳಬಲ್ಲದು. ಗೇರ್ ಎರಡನ್ನೂ ತಡೆಯಲಾರದು. ಗೇರ್ ಬಾಕ್ಸ್ ಹಿಂದಿನ ಶಾಫ್ಟ್ ಹಿಡಿಯುವ ಹ್ಯಾಂಡ್ ಬ್ರೇಕ್ ಇರುವ ಹಳೆಯ ವಾಹನಗಳಲ್ಲಿ ಆ ಬ್ರೇಕಿನದೂ ಇದೇ ಗತಿ. ಕೆಸರಿನಲ್ಲಿ ಒಂದೇ ಚಕ್ರ ಗಿರಗಿರನೆ ತಿರುಗಿ ಇನ್ನೊಂದು ಸುಮ್ಮನಿರುವುದಕ್ಕೂ ಕಾರಣ ಇದೇ ಡಿಫರೆನ್ಷಿಯಲ್. ಆದ್ದರಿಂದ ಜಾಕ್ ಮುಟ್ಟುವ ಮೊದಲು ಮುಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಮರದ ದಿಮ್ಮಿಗಳನ್ನು ಅಡ್ಡ ಕೊಡಬೇಕು. ಕೈಗೆ ಸಿಕ್ಕ ದುಂಡು ಕಲ್ಲು ಹಸಿ ನೆಲದಲ್ಲಿ ತಾನೇ ಒಳಗಿಳಿಯುತ್ತದೆ.

ಜಾಕನ್ನು ಚಾಸಿಗೆ ಕೊಟ್ಟರೆ ವಾಹನದ ಮೈ ಏರುತ್ತದೆಯೇ ಹೊರತು ಸ್ಪ್ರಿಂಗ್ ಪಟ್ಟಿಗಳು ಸಡಿಲಗೊಂಡು ಚಕ್ರ ಕೆಸರಿನಲ್ಲೇ ಉಳಿಯುತ್ತದೆ. ಎತ್ತರ ಹೆಚ್ಚಿದಷ್ಟೂ ಲಾರಿ ವಾಲುತ್ತದೆ. ಕೊಡಬೇಕಾದದ್ದು ಆಕ್ಸಲ್ ಅಡಿಗೆ, ಚಕ್ರಕ್ಕೆ ಆದಷ್ಟು ಹತ್ತಿರ. ಆಕ್ಸಲ್ಲೇ ಹೂತಿದ್ದರೆ ಗುದ್ದಲಿ, ಸಲಿಕೆ ಹಿಡಿದು ಜಾಗ ಮಾಡಬೇಕು. ಹೊರಗಿನಿಂದ ಅಗೆಯಬೇಕು, ಮೈ ಒಳಗೆ ತೂರಿಸಬಾರದು. ಟೈರಿನ ಸುತ್ತಲಿನ ಮಣ್ಣನ್ನೂ ಬಿಡಿಸಬೇಕು. ಜಿಗುಟು ಮಣ್ಣು ಟೈರನ್ನು ಹೀರಿಹಿಡಿದಿರುತ್ತದೆ. ಹಿಡಿತ ಬಿಡಿಸದೆ ಎತ್ತಿದರೆ ಭಾರ ಹೆಚ್ಚುತ್ತದೆ, ಬಿಟ್ಟ ಕ್ಷಣ ವಾಹನ ಜಗ್ಗುತ್ತದೆ. ನಾಲ್ಕಾರು ಬಾರಿ ಪಂಪ್ ಮಾಡಿ, ನಿಲ್ಲಿಸಿ, ಜಾಕ್ ನೇರವಾಗಿದೆಯೇ ಎಂದು ದೂರದಿಂದ ನೋಡುವುದು ಒಳ್ಳೆಯ ಪದ್ಧತಿ. ವಾಲುತ್ತಿದ್ದರೆ ಇಳಿಸಿ, ಹಲಗೆ ಸರಿಪಡಿಸಿ, ಮತ್ತೆ ಮೊದಲಿನಿಂದ ಶುರು ಮಾಡಬೇಕು. ವಾಲಿದ ಜಾಕನ್ನು ಸುತ್ತಿಗೆಯಿಂದ ಬಡಿದು ನೆಟ್ಟಗೆ ಮಾಡುವುದು ಸಾವನ್ನು ಕರೆದಂತೆ.

ಚಕ್ರ ಎದ್ದ ಮೇಲೆ ಅದರಡಿಗೆ ಕಲ್ಲು, ಮರ ತುಂಬುವ ಹಂತ ಬರುತ್ತದೆ. ಕೈ ತುಂಡಾಗುವುದು, ತಲೆ ಸಿಲುಕುವುದು ಇಲ್ಲೇ. ಹೈಡ್ರಾಲಿಕ್ ಜಾಕ್‌ನ ಒಳಗಿನ ರಬ್ಬರ್ ಸೀಲ್ ಸವೆದಿದ್ದರೆ ಎಣ್ಣೆ ಒಳಗೊಳಗೇ ಸೋರಿ ವಾಹನ ಸದ್ದಿಲ್ಲದೆ ಇಳಿಯುತ್ತಿರುತ್ತದೆ. ತುಂಬಬೇಕಾದ್ದನ್ನು ಸಲಿಕೆಯಿಂದಲೋ ಉದ್ದನೆಯ ಕೋಲಿನಿಂದಲೋ ತಳ್ಳಬೇಕು. ಟೊಮೆಟೊ ಗಿಡಕ್ಕೆ ಆಸರೆ ಕೊಡುವ ನೀಲಗಿರಿ ಕೋಲುಗಳು ಈ ಸೀಮೆಯ ಹೊಲಗಳಲ್ಲಿ ಧಾರಾಳವಾಗಿ ಸಿಗುತ್ತವೆ. ಕಟ್ಟುಗಟ್ಟಲೆ ಅಡ್ಡಲಾಗಿ ಹಾಸಿದರೆ ಚಕ್ರಕ್ಕೆ ಅವೇ ದಾರಿ.

ಇನ್ನು ಇಟ್ಟಿಗೆಯ ಮಾತು. ಮಾಲೂರಿನ ಸುತ್ತ ಎಲ್ಲೆಂದರಲ್ಲಿ ಕೈಗೆ ಸಿಗುವುದು ಅದೇ. ಎತ್ತಿದ ಆಕ್ಸಲ್ ಅಡಿಗೆ ಇಟ್ಟಿಗೆ ಅಥವಾ ಸಿಮೆಂಟ್ ಬ್ಲಾಕ್ ಪೇರಿಸಿ ಜಾಕ್ ತೆಗೆಯುವುದು ಕಣ್ಣಿಗೆ ಭದ್ರವಾಗಿ ಕಂಡೀತು. ಗೋಡೆಯಲ್ಲಿ ಹರಡಿದ ಭಾರ ಹೊರುವ ಇಟ್ಟಿಗೆ, ಕಬ್ಬಿಣದ ಆಕ್ಸಲ್ ಒಂದೇ ಕಡೆ ಒತ್ತಿದಾಗ ಸೀಳುತ್ತದೆ, ಅದೂ ಯಾವ ಮುನ್ಸೂಚನೆಯಿಲ್ಲದೆ. ಕಲ್ಲು ಚಪ್ಪಡಿಯ ಸ್ವಭಾವವೂ ಇದೇ. ಮರವಾದರೋ ಮುರಿಯುವ ಮೊದಲು ಕಿರುಗುಟ್ಟುತ್ತದೆ, ನಾರು ಬಿಡುತ್ತದೆ. ಓಡಲು ಒಂದೆರಡು ಕ್ಷಣವಾದರೂ ಸಿಗುತ್ತದೆ. ಆಸರೆಗೆ ಮರದ ದಿಮ್ಮಿಗಳನ್ನು ಅಡ್ಡಡ್ಡಲಾಗಿ ಪೇರಿಸುವುದೇ ಸರಿ.

ಟ್ರ್ಯಾಕ್ಟರ್ ಬಂದಾಗ

ಬಹುತೇಕ ಸಂದರ್ಭಗಳಲ್ಲಿ ಕೊನೆಗೆ ಪಕ್ಕದ ಹೊಲದ ಟ್ರ್ಯಾಕ್ಟರ್ ಬರುತ್ತದೆ. ವಾಹನ ಜಾಕ್ ಮೇಲಿರುವಾಗಲೇ ಎಳೆಯುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಮೊದಲು ಚಕ್ರದಡಿ ತುಂಬಿ, ಜಾಕ್ ಇಳಿಸಿ ತೆಗೆದು, ಅಡ್ಡ ಕೊಟ್ಟ ದಿಮ್ಮಿ ಸರಿಸಿ, ಆಮೇಲೆ ಎಳೆಯಬೇಕು. ಹಗ್ಗ ಅಥವಾ ಸರಪಳಿಯನ್ನು ಟ್ರ್ಯಾಕ್ಟರಿನ ಹಿಂಬದಿ ಆಕ್ಸಲ್‌ಗಿಂತ ಮೇಲೆ ಕಟ್ಟಿದರೆ ಮುಂಭಾಗ ಮೇಲೆದ್ದು ಟ್ರ್ಯಾಕ್ಟರ್ ಹಿಂದಕ್ಕೆ ಮಗುಚುತ್ತದೆ. ಚಾಲಕ ಜಿಗಿಯುವಷ್ಟೂ ಸಮಯ ಇರುವುದಿಲ್ಲ. ಕೆಳಗಿನ ಡ್ರಾಬಾರ್‌ಗೇ ಕಟ್ಟಬೇಕು. ಲಾರಿಯ ಬಂಪರ್‌ಗೆ ಬಿಗಿಯುವುದು ಬೇಡ, ಅದು ಕಿತ್ತು ಹಾರುತ್ತದೆ. ಬಿಗಿದ ಹಗ್ಗ ತುಂಡಾದರೆ ಅದರ ಉದ್ದಕ್ಕೂ ಬೀಸುವುದರಿಂದ ನೆರೆದ ಜನ ಅಷ್ಟು ದೂರಕ್ಕೆ ಸರಿಯಬೇಕು. ಕುತೂಹಲಕ್ಕೆ ಬಂದ ಮಕ್ಕಳನ್ನು ದೂರ ಕಳಿಸುವ ಹೊಣೆಯನ್ನು ಒಬ್ಬರಿಗೆ ವಹಿಸಿದರೆ ಒಳಿತು.

ಯಾರಾದರೂ ಅಡಿಯಲ್ಲಿ ಸಿಲುಕಿದರೆ ಆತುರದಲ್ಲಿ ವಾಹನವನ್ನು ಚಲಾಯಿಸುವುದಾಗಲೀ ಎಳೆಯುವುದಾಗಲೀ ಸಲ್ಲದು. 112 ಅಥವಾ 108ಕ್ಕೆ ಕರೆ ಮಾಡಿ, ಇನ್ನೊಂದು ಜಾಕ್‌ನಿಂದ ಅಂಗುಲ ಅಂಗುಲವಾಗಿ ಎತ್ತುತ್ತ, ಎತ್ತಿದಷ್ಟೂ ಜಾಗಕ್ಕೆ ಮರ ತುಂಬುತ್ತ ಹೋಗಬೇಕು.

ತಂತಾನೇ ಹೊರಬರುವ ಲಾರಿಯನ್ನು ಕಡಿಮೆ ಗೇರಿನಲ್ಲಿ, ಆಕ್ಸಲರೇಟರ್ ಹೆಚ್ಚು ಒತ್ತದೆ ಒಂದೇ ಸಮನೆ ಮುಂದಕ್ಕೆ ತರಬೇಕು. ಚಕ್ರ ಜೋರಾಗಿ ತಿರುಗಿದರೆ ಹಾಸಿದ ಕೋಲುಗಳು ಬಾಣದಂತೆ ಹಿಂದಕ್ಕೆ ಚಿಮ್ಮುವುದರಿಂದ ಆ ಹೊತ್ತಿನಲ್ಲಿ ವಾಹನದ ಹಿಂದೆ ಯಾರೂ ನಿಲ್ಲಕೂಡದು, ಕ್ಲೀನರ್ ಕೂಡ. ಗಟ್ಟಿ ನೆಲ ಸಿಗುವವರೆಗೆ ನಿಲ್ಲಿಸದೆ ಹೋಗಿ, ಇಳಿಸಿದ ಬಾಕ್ಸ್‌ಗಳನ್ನು ಅಲ್ಲಿಗೇ ಹೊತ್ತು ತಂದು ತುಂಬಿಸಬೇಕು.